ರಕ್ತನಾಳ ಮತ್ತು ರಕ್ತದ ಒತ್ತಡ: ನಮ್ಮ ಪೈಪ್‌ಲೈನಿನ ಭಾಷೆಯಲ್ಲಿ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಯಾದ ವೈದ್ಯರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)



ಸಮಿತಿಯವರು ನನಗೆ ‘ಆರೋಗ್ಯದ ಬಗ್ಗೆ ಅರ್ಧ ತಾಸು ಮಾತಾಡ್ರಿ’ ಅಂದರು. ಆರೋಗ್ಯ ಅನ್ನುವುದು ಬಹಳ ದೊಡ್ಡ ಹೊಲ. ಅರ್ಧ ತಾಸಿನಲ್ಲಿ ಒಂದೆರಡು ಸಾಲು ಹರಗಬಹುದು, ಅಷ್ಟೇ. ನಾನು ಆರಿಸಿಕೊಂಡ ಸಾಲು ಬಿಪಿ, ಅಂದರೆ ರಕ್ತದ ಒತ್ತಡ. ಇದನ್ನೇ ಯಾಕೆ ಆರಿಸಿಕೊಂಡೆ ಅಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ನೂರು ಗಂಡಸರಲ್ಲಿ 24 ಮಂದಿಗೆ, ನೂರು ಹೆಂಗಸರಲ್ಲಿ 21 ಮಂದಿಗೆ ಬಿಪಿ ಹೆಚ್ಚಿದೆ ಇಲ್ಲವೇ ಅವರು ಅದಕ್ಕೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಈ ಶಾಮಿಯಾನದ ಕೆಳಗೆ ಎಷ್ಟು ಜನ ಇದ್ದೀರಿ ನೋಡಿಕೊಳ್ಳಿ, ಲೆಕ್ಕ ನೀವೇ ಹಾಕಿ. ಅವರಲ್ಲಿ ಹಲವರಿಗೆ ತಮಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಯಾಕೆ ಗೊತ್ತಾಗುವುದಿಲ್ಲ ಅನ್ನುವುದೇ ಇವತ್ತಿನ ನನ್ನ ಮಾತಿನ ತಿರುಳು.

ಮೊದಲು ಕೊಳವೆಗಳ ಮಾತು. ನಮ್ಮ ತಿಕೋಟಾ–ಬಬಲೇಶ್ವರ ಸೀಮೆಯ ಜನರಿಗೆ ಪೈಪಿನ ವಿಷಯ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಹೊಲಕ್ಕೆ ಬರುವ ನೀರು ಏರಿ ಬರುವ ನೀರು. ತುಬಚಿ–ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರನ್ನು ದೊಡ್ಡ ಪಂಪುಗಳು ಮೇಲಕ್ಕೆ ನೂಕುತ್ತವೆ. ಅಲ್ಲಿಂದ ಕಾಲುವೆ, ಕೆರೆ, ಬಾವಿ. ಬಾವಿಯಿಂದ ಮತ್ತೆ ಮೋಟಾರು, ಮೇನ್ ಲೈನು, ಸಬ್ ಲೈನು, ಲ್ಯಾಟರಲ್ಲು, ಕೊನೆಗೆ ದ್ರಾಕ್ಷಿ ಬಳ್ಳಿಯ ಬುಡದಲ್ಲಿ ಒಂದು ಸಣ್ಣ ಡ್ರಿಪ್ಪರು. ದೊಡ್ಡದರಿಂದ ಸಣ್ಣದಕ್ಕೆ, ಸಣ್ಣದರಿಂದ ಹನಿಗೆ. ದೇಹದೊಳಗೂ ಹೀಗೇ ಇದೆ. ಹೃದಯ ಪಂಪು. ಅದರಿಂದ ಹೊರಡುವ ಮಹಾ ಅಪಧಮನಿ ಸುಮಾರು ಎರಡೂವರೆ ಸೆಂಟಿಮೀಟರ್ ಅಗಲ, ಅಂದರೆ ಒಂದು ಇಂಚಿನ ಪೈಪು. ಅದು ಕವಲೊಡೆದು ಅಪಧಮನಿಗಳಾಗಿ, ಇನ್ನೂ ಕವಲೊಡೆದು ಕಿರು ಅಪಧಮನಿಗಳಾಗಿ, ಕೊನೆಗೆ ಲೋಮನಾಳಗಳಾಗುತ್ತದೆ. ಈ ಲೋಮನಾಳ ತಲೆಗೂದಲಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗೆ. ಕೆಂಪು ರಕ್ತಕಣಗಳು ಅದರೊಳಗೆ ಒಂದರ ಹಿಂದೆ ಒಂದು, ಸಾಲು ಹಿಡಿದು, ಕೆಲವು ಕಡೆ ಮೈ ಮಡಚಿಕೊಂಡು ಹೋಗಬೇಕು. ಉಸಿರಿನ ಗಾಳಿಯೂ ಊಟದ ಸತ್ವವೂ ಮೈಗೆ ಇಳಿಯುವುದು ಅಲ್ಲೇ.

ಹತ್ತನೆಯ ತರಗತಿಯ ಮಕ್ಕಳಿಗೆ ಇದು ‘ಜೀವಕ್ರಿಯೆಗಳು’ ಪಾಠದಲ್ಲಿ ಬರುತ್ತದೆ. ಪಾಠದಲ್ಲಿ ಇಲ್ಲದ ಲೆಕ್ಕ ಒಂದು ಹೇಳುತ್ತೇನೆ, ಬರೆದುಕೊಳ್ಳಿ. ಹೃದಯ ಒಂದು ಸಲ ಹಿಂಡಿಕೊಂಡಾಗ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ಹೋಗುತ್ತದೆ, ಚಹಾದ ಸಣ್ಣ ಗ್ಲಾಸಿನಷ್ಟು. ನಿಮಿಷಕ್ಕೆ 70 ಸಲ ಬಡಿದರೆ ಸುಮಾರು 5 ಲೀಟರ್ ಆಯಿತು. ಮೈಯಲ್ಲಿ ಇರುವ ಒಟ್ಟು ರಕ್ತವೂ ಹೆಚ್ಚುಕಡಿಮೆ 5 ಲೀಟರ್. ಅಂದರೆ ನಿಮಿಷಕ್ಕೊಮ್ಮೆ ಇದ್ದ ರಕ್ತವೆಲ್ಲ ಒಂದು ಸುತ್ತು ತಿರುಗಿ ಬರುತ್ತದೆ. ದಿನಕ್ಕೆ 7,000 ಲೀಟರಿಗೂ ಮಿಕ್ಕಿ, ಒಂದು ದೊಡ್ಡ ಟ್ಯಾಂಕರಿನಷ್ಟು. ಕರೆಂಟು ಹೋದರೂ ಈ ಮೋಟಾರು ನಿಲ್ಲುವಂತಿಲ್ಲ.

ರಕ್ತ ಹೀಗೆ ಸುತ್ತು ತಿರುಗುತ್ತದೆ ಅನ್ನುವುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ ಪುಸ್ತಕ ಬರೆದು ತೋರಿಸಿದ್ದು 1628ರಲ್ಲಿ. ಆಗ ನಮ್ಮ ವಿಜಯಪುರದಲ್ಲಿ ಮಹಮ್ಮದ್ ಆದಿಲ್ ಶಾಹಿಯ ಆಳ್ವಿಕೆ. ಹಾರ್ವೆಗೆ ಲೋಮನಾಳ ಕಂಡಿರಲಿಲ್ಲ. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೋ ದಾಟುತ್ತದೆ ಅಂತ ಅವನು ಲೆಕ್ಕ ಹಾಕಿ ಹೇಳಿದ್ದ. 1661ರಲ್ಲಿ ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕ ಹಿಡಿದು ಕಪ್ಪೆಯ ಶ್ವಾಸಕೋಶದಲ್ಲಿ ಅದನ್ನು ಕಣ್ಣಾರೆ ಕಂಡ. ಆ ಹೊತ್ತಿಗೆ ಹಾರ್ವೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಮರಳಿ ಬರುವ ದಾರಿ ಅಭಿಧಮನಿಗಳದು. ಮೈಯ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಹೊತ್ತಿನಲ್ಲೂ ಇವುಗಳಲ್ಲೇ ಇರುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಪಂಪಿನ ಒತ್ತಡ ಬಹುಪಾಲು ಮುಗಿದಿರುತ್ತದೆ. ಹಾಗಾದರೆ ಪಾದದ ರಕ್ತ ಎದೆಗೆ ಹೇಗೆ ಏರುತ್ತದೆ? ಅಭಿಧಮನಿಗಳೊಳಗೆ ಒಂದೇ ಕಡೆ ತೆರೆಯುವ ಕವಾಟಗಳಿವೆ, ಬಾವಿಯ ಫುಟ್‌ವಾಲ್ವಿನ ಹಾಗೆ. ನಾವು ನಡೆದಾಗ ಮೀನಖಂಡದ ಸ್ನಾಯು ಆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ, ಕವಾಟ ಅದನ್ನು ಕೆಳಗೆ ಬೀಳಗೊಡುವುದಿಲ್ಲ. ದಿನವಿಡೀ ಒಂದೇ ಕಡೆ ನಿಂತು ಕೆಲಸ ಮಾಡುವವರ ಕಾಲಲ್ಲಿ ಹಸಿರು ಗಂಟುಗಂಟಾಗಿ ಉಬ್ಬುವುದು ಈ ಕವಾಟ ಸಡಿಲವಾದಾಗ. ಅದನ್ನು ನಾವು ‘ನರ ಉಬ್ಬೇದ’ ಅನ್ನುತ್ತೇವೆ. ನಮ್ಮ ಮಾತಿನಲ್ಲಿ ರಕ್ತ ಹರಿಯುವ ನಾಳವೂ ನರ, ನೋವು ಸುದ್ದಿ ಒಯ್ಯುವ ತಂತುವೂ ನರ. ಒಂದೇ ಹೆಸರು ಎರಡಕ್ಕೂ ಇರುವುದರಿಂದ ದವಾಖಾನೆಯಲ್ಲಿ ಎಷ್ಟು ಗೊಂದಲ ಆಗುತ್ತದೆ ಅನ್ನುವುದನ್ನು ಹೇಳಲು ಕುಳಿತರೆ ಇನ್ನೊಂದು ಉಪನ್ಯಾಸವೇ ಬೇಕು.

ಈಗ ಒತ್ತಡ. ಮೊದಲ ಸಲ ಅದನ್ನು ಅಳೆದದ್ದು ಒಂದು ಕುದುರೆಯ ಮೇಲೆ. ಸ್ಟೀಫನ್ ಹೇಲ್ಸ್ ಅನ್ನುವ ಇಂಗ್ಲೆಂಡಿನ ಪಾದ್ರಿ ಕುದುರೆಯ ತೊಡೆಯ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ ನೆಟ್ಟಗೆ ನಿಲ್ಲಿಸಿದ. ರಕ್ತ ಅದರೊಳಗೆ 8 ಅಡಿ 3 ಇಂಚು ಏರಿ ನಿಂತಿತು. 1733ರಲ್ಲಿ ಇದನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಮನುಷ್ಯರಿಗೆ ಹೀಗೆ ಮಾಡಲು ಬರುವುದಿಲ್ಲವಲ್ಲ. 1896ರಲ್ಲಿ ಇಟಲಿಯ ರೀವಾ ರೋಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ಮಾಡಿದ. 1905ರಲ್ಲಿ ರಷ್ಯಾದ ಸೈನ್ಯದ ವೈದ್ಯ ಕೊರೊಟ್ಕಾಫ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ. ಇವತ್ತಿಗೂ ನಾವು ಮಾಡುವುದು ಅದನ್ನೇ.

ಏನು ಕೇಳುತ್ತೇವೆ ಅಂತ ಹಲವರು ಕೇಳುತ್ತಾರೆ. ಪಟ್ಟಿಗೆ ಗಾಳಿ ತುಂಬಿದಾಗ ತೋಳಿನ ಅಪಧಮನಿ ಪೂರಾ ಮುಚ್ಚುತ್ತದೆ, ರಬ್ಬರ್ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಆಗ ಸದ್ದಿಲ್ಲ. ಗಾಳಿಯನ್ನು ನಿಧಾನ ಬಿಡುತ್ತ ಬಂದರೆ, ಹೃದಯ ಹಿಂಡಿದ ಗಳಿಗೆಯ ಒತ್ತಡ ಪಟ್ಟಿಯ ಒತ್ತಡವನ್ನು ಮೀರಿದ ಕೂಡಲೇ ಒಂದಿಷ್ಟು ರಕ್ತ ಚಿಮ್ಮಿ ನುಗ್ಗುತ್ತದೆ, ‘ಟಕ್’ ಅನ್ನುತ್ತದೆ. ಅದು ಮೇಲಿನ ಅಂಕಿ. ಇನ್ನೂ ಬಿಡುತ್ತ ಹೋದರೆ ನಾಳ ಪೂರ್ತಿ ತೆರೆದುಕೊಂಡು ರಕ್ತ ಸರಾಗ ಹರಿಯುತ್ತದೆ, ಸದ್ದು ನಿಲ್ಲುತ್ತದೆ. ಅದು ಕೆಳಗಿನ ಅಂಕಿ, ಹೃದಯ ವಿಶ್ರಾಂತಿಯಲ್ಲಿದ್ದಾಗ ನಾಳದಲ್ಲಿ ಉಳಿಯುವ ಒತ್ತಡ. 120/80 ಅಂದರೆ ಇದು.

ನಿಮ್ಮ ಡ್ರಿಪ್ ಫಿಲ್ಟರಿನ ಮೇಲಿನ ಗೇಜಿಗೆ ಇದನ್ನು ಹೋಲಿಸೋಣ. ಗೇಜು ‘ಒಂದು ಕೆಜಿ’ ತೋರಿಸಿದರೆ ಪಾದರಸದ ಲೆಕ್ಕದಲ್ಲಿ ಅದು ಸುಮಾರು 735 ಮಿಲಿಮೀಟರ್. ಹೃದಯದ 120 ಅದರ ಆರನೇ ಒಂದು ಭಾಗ. ನೀರಿನ ಎತ್ತರಕ್ಕೆ ತಿರುಗಿಸಿದರೆ 120 ಅಂದರೆ ಸುಮಾರು 5 ಅಡಿ 4 ಇಂಚು, ಒಬ್ಬ ಮನುಷ್ಯನ ಎತ್ತರ. 180 ಅಂದರೆ 8 ಅಡಿ, ಹೆಚ್ಚುಕಡಿಮೆ ಹೇಲ್ಸ್‌ನ ಕುದುರೆಯದು. ಮನುಷ್ಯನ ಮೈಯ ಪೈಪುಗಳಿಗೆ ಕುದುರೆಯ ಒತ್ತಡ ವರ್ಷಗಟ್ಟಲೆ ಬಿದ್ದರೆ ಏನಾದೀತು ಅಂತ ನೀವೇ ಊಹಿಸಿ.

ಒತ್ತಡ ಇಳಿಯುವ ಜಾಗವನ್ನೂ ಹೇಳಬೇಕು, ಯಾಕೆಂದರೆ ರೋಗ ಹುಟ್ಟುವುದೂ ಗುಳಿಗೆ ಕೆಲಸ ಮಾಡುವುದೂ ಹೆಚ್ಚಾಗಿ ಅಲ್ಲೇ. ಮಹಾ ಅಪಧಮನಿಯಲ್ಲಿ ಸರಾಸರಿ 95ರಷ್ಟಿರುವ ಒತ್ತಡ ದೊಡ್ಡ ಅಪಧಮನಿಗಳಲ್ಲಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ಕಿರು ಅಪಧಮನಿಗಳನ್ನು ದಾಟುವಾಗ ದಿಢೀರನೆ 35ಕ್ಕೆ ಬೀಳುತ್ತದೆ. ಈ ಕಿರು ಅಪಧಮನಿಗಳ ಗೋಡೆಯಲ್ಲಿ ಸ್ನಾಯುವಿನ ಬಳೆಗಳಿವೆ. ಅವು ಬಿಗಿಯಬಹುದು, ಸಡಿಲಿಸಬಹುದು. ಪಿವಿಸಿ ಪೈಪಿಗೂ ರಕ್ತನಾಳಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ರಕ್ತನಾಳಕ್ಕೆ ಜೀವ ಇದೆ. ಉಂಡ ಮೇಲೆ ಕರುಳಿನ ಕಡೆಯ ನಾಳ ಹಿಗ್ಗುತ್ತವೆ. ನಮ್ಮ ಏಪ್ರಿಲ್ ತಿಂಗಳ ಬಿಸಿಲಿಗೆ ಚರ್ಮದ ನಾಳ ಹಿಗ್ಗಿ ಶಾಖವನ್ನು ಹೊರಹಾಕುತ್ತವೆ. ಮಲಗಿದವರು ಎದ್ದು ನಿಂತ ಕೂಡಲೇ ಕುತ್ತಿಗೆಯ ಅಪಧಮನಿಯಲ್ಲಿರುವ ಒತ್ತಡದ ಕಾವಲುಗಾರರು ಮೆದುಳಿಗೆ ಸುದ್ದಿ ಮುಟ್ಟಿಸಿ, ಕೆಲವೇ ಕ್ಷಣಗಳಲ್ಲಿ ನಾಳಗಳನ್ನು ಬಿಗಿಗೊಳಿಸುತ್ತಾರೆ. ಇಲ್ಲದಿದ್ದರೆ ನಾವೆಲ್ಲ ಬೆಳಿಗ್ಗೆ ಹಾಸಿಗೆಯಿಂದ ಎದ್ದು ತಲೆ ತಿರುಗಿ ಬೀಳಬೇಕಾಗಿತ್ತು.

ನಾಳ ಸ್ವಲ್ಪವೇ ಕಿರಿದಾದರೂ ಪರಿಣಾಮ ಬಹಳ. ಪ್ವಾಸೆಯ್ ಅನ್ನುವ ಫ್ರಾನ್ಸಿನ ವಿಜ್ಞಾನಿ 19ನೆಯ ಶತಮಾನದಲ್ಲಿ ಸಣ್ಣ ಗಾಜಿನ ಕೊಳವೆಗಳಲ್ಲಿ ಅಳೆದು ಕಂಡದ್ದು ಇದು: ಕೊಳವೆಯ ಅಗಲ ಅರ್ಧವಾದರೆ, ಅದೇ ಒತ್ತಡದಲ್ಲಿ ಹರಿಯುವ ದ್ರವ ಅರ್ಧವಾಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೈಗೆ ಬೇಕಾದಷ್ಟು ರಕ್ತ ಮುಟ್ಟಲೇಬೇಕು. ನಾಳ ಕಿರಿದಾದರೆ ಪಂಪು ಹೆಚ್ಚು ಜೋರಿನಿಂದ ನೂಕಬೇಕು. ಬಿಪಿ ಏರುವ ದಾರಿಗಳಲ್ಲಿ ಇದೊಂದು. ವಯಸ್ಸಾದಂತೆ ದೊಡ್ಡ ನಾಳಗಳು ಬಿರುಸಾಗಿ ಹಿಗ್ಗದೆ ಹೋಗುವುದು ಇನ್ನೊಂದು.

ಮೂರನೆಯದು ಮೂತ್ರಪಿಂಡ. ಹೃದಯದಿಂದ ಹೊರಟ ರಕ್ತದಲ್ಲಿ ಐದನೇ ಒಂದು ಭಾಗ ಈ ಎರಡು ಮುಷ್ಟಿಯಷ್ಟು ದೊಡ್ಡ ಅಂಗಗಳಿಗೇ ಹೋಗುತ್ತದೆ. ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಲೀಟರ್ ಅಷ್ಟೇ ಹೊರಗೆ ಬಿಟ್ಟು, ಉಳಿದದ್ದನ್ನು ಒಳಗೆ ಎಳೆದುಕೊಳ್ಳುತ್ತವೆ. ಉಪ್ಪು ಹೆಚ್ಚಾಯಿತೋ, ಅದರ ಜೊತೆ ನೀರೂ ನಿಲ್ಲುತ್ತದೆ, ಪೈಪಿನಲ್ಲಿ ನೀರು ಹೆಚ್ಚಾಗುತ್ತದೆ, ಒತ್ತಡ ಏರುತ್ತದೆ. ರಕ್ತ ಸಾಲದು ಅಂತ ಮೂತ್ರಪಿಂಡಕ್ಕೆ ಅನಿಸಿದರೆ ರೆನಿನ್ ಅನ್ನುವ ವಸ್ತು ಬಿಟ್ಟು ಮೈಯ ನಾಳಗಳನ್ನೆಲ್ಲ ಬಿಗಿಯುವ ಹಾಗೆ ಮಾಡುತ್ತದೆ. ಬಿಪಿ ಅಂದರೆ ಸಿಟ್ಟಿನ ರೋಗ ಅಂತ ನಮ್ಮಲ್ಲಿ ಒಂದು ನಂಬಿಕೆ. ಸಿಟ್ಟು ಬಂದಾಗ ಒತ್ತಡ ಏರುವುದು ನಿಜ, ಸಿಟ್ಟು ಇಳಿದರೆ ಅದೂ ಇಳಿಯುತ್ತದೆ. ಕಾಯಂ ಏರಿ ಕೂರುವ ಬಿಪಿಗೆ ಶಾಂತ ಸ್ವಭಾವದವರೂ ಒಂದೇ, ಸಿಡುಕರೂ ಒಂದೇ.

ಈಗ ತಿರುಳಿಗೆ ಬರುತ್ತೇನೆ. ಕಾಲಿಗೆ ಮುಳ್ಳು ಚುಚ್ಚಿದರೆ ಗೊತ್ತಾಗುತ್ತದೆ. ಹಲ್ಲು ನೋವು ರಾತ್ರಿಯಿಡೀ ಮಲಗಗೊಡುವುದಿಲ್ಲ. ಆದರೆ ನಾಳದ ಒಳಗಿನ ಒತ್ತಡ 120 ಇದೆಯೋ 170 ಇದೆಯೋ ಅನ್ನುವುದನ್ನು ನಮಗೆ ತಿಳಿಸುವ ಇಂದ್ರಿಯ ಇಲ್ಲ. ಕುತ್ತಿಗೆಯ ಕಾವಲುಗಾರರ ಮಾತು ಹೇಳಿದೆನಲ್ಲ, ಅವರೂ ಸುಮ್ಮನಾಗುತ್ತಾರೆ. ಒತ್ತಡ ಬಹಳ ದಿನ ಏರಿಯೇ ಇದ್ದರೆ ಅದನ್ನೇ ಸರಿ ಅಂತ ಒಪ್ಪಿಕೊಂಡು ಅಲ್ಲಿಗೇ ಹೊಂದಿಕೊಳ್ಳುತ್ತಾರೆ. ಆದ್ದರಿಂದ ‘ನಾನು ಆರಾಮ ಅದೀನ್ರಿ, ನನಗೆಲ್ಲಿಯ ಬಿಪಿ’ ಅನ್ನುವ ಮಾತಿಗೆ ವೈದ್ಯಶಾಸ್ತ್ರದಲ್ಲಿ ಬೆಲೆ ಇಲ್ಲ. ತಲೆನೋವು ಬಂದಾಗ ಬಿಪಿ, ತಲೆನೋವು ಹೋದರೆ ಬಿಪಿ ಹೋಯಿತು ಅನ್ನುವುದಕ್ಕೂ ಬೆಲೆ ಇಲ್ಲ. ಅಳೆದರೆ ಮಾತ್ರ ಗೊತ್ತು.

ಒಳಗೆ ಆಗುವುದೇನು? ಹೆಚ್ಚಿನ ಒತ್ತಡ ಬಡಿದು ಬಡಿದು ನಾಳದ ಒಳಪದರು ಒರಟಾಗುತ್ತದೆ, ಕೊಬ್ಬು ಅಂಟಿಕೊಳ್ಳುತ್ತದೆ. ಮೆದುಳಿನ ಸಣ್ಣ ನಾಳ ಕಟ್ಟಿಕೊಂಡರೂ ಒಡೆದರೂ ಲಕ್ವಾ. ಮೂತ್ರಪಿಂಡದ ಸೋಸುವ ಜಾಲರಿ ಹಾಳಾದರೆ ಡಯಾಲಿಸಿಸ್. ಕಣ್ಣಿನ ಹಿಂಪರದೆಯ ನಾಳ ಸೋರಿದರೆ ದೃಷ್ಟಿ. ಹೃದಯದ ಸ್ನಾಯು ಜಟ್ಟಿಯ ತೋಳಿನ ಹಾಗೆ ದಪ್ಪಗಾಗಿ, ಕೊನೆಗೊಂದು ದಿನ ಸೋತು ಹಿಗ್ಗುತ್ತದೆ. 40ರಿಂದ 69 ವಯಸ್ಸಿನವರಲ್ಲಿ ಮೇಲಿನ ಅಂಕಿ 20 ಏರಿದ ಪ್ರತಿ ಸಲ ಲಕ್ವಾದಿಂದಲೂ ಹೃದಯದ ರೋಗದಿಂದಲೂ ಸಾಯುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಅಂತ ಹತ್ತು ಲಕ್ಷ ಜನರ ಮಾಹಿತಿ ಕೂಡಿಸಿ ನೋಡಿದ ಅಧ್ಯಯನ 2002ರಲ್ಲಿ ತೋರಿಸಿತು.

ಒತ್ತಡ ಪೈಪನ್ನು ಒಡೆಯುತ್ತದೆ ಅನ್ನುವುದು ನಮ್ಮ ಊರಿಗೆ ಹೊಸ ಸುದ್ದಿ ಅಲ್ಲ. ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ ತೊರವಿ ಸಿಗುತ್ತದೆ. ಆದಿಲ್ ಶಾಹಿಗಳ ಕಾಲದಲ್ಲಿ ಅಲ್ಲಿಂದ ನೆಲದಡಿಯ ಸುರಂಗದಲ್ಲಿ ನಗರಕ್ಕೆ ನೀರು ಬರುತ್ತಿತ್ತು. ಆಮೇಲೆ 1651ರಲ್ಲಿ ಮಹಮ್ಮದ್ ಆದಿಲ್ ಶಾಹಿ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ 15ರಿಂದ 50 ಅಡಿ ಆಳದಲ್ಲಿ ನಗರಕ್ಕೆ ಹಾಯಿಸಿದರು. ಸುಟ್ಟ ಮಣ್ಣಿನ ಕೊಳವೆ ಎಷ್ಟು ಒತ್ತಡ ತಾಳೀತು? ಅದಕ್ಕೇ ಕೊಳವೆಯ ಸಾಲಿನುದ್ದಕ್ಕೂ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಕಲ್ಲಿನ ಗೋಪುರ ಕಟ್ಟಿದರು. ಅವೇ ಗಂಜುಗಳು. ನಗರದಲ್ಲಿ ಇವತ್ತಿಗೂ ಅಲ್ಲಲ್ಲಿ ನಿಂತಿವೆ. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟ ನೋಡಿ ಬರುವ ಮಕ್ಕಳಿಗೆ ಅವನ್ನು ಯಾರೂ ತೋರಿಸುವುದಿಲ್ಲ. ಇನ್ನು ಮುಂದೆ ತೋರಿಸಿರಿ ಅಂತ ಗುರುಗಳಲ್ಲಿ ನನ್ನ ಬಿನ್ನಹ. ಕೊಳವೆಯ ನೀರು ಗಂಜಿನೊಳಗೆ ಮೇಲಕ್ಕೆ ಏರಿ, ತೆರೆದ ಗಾಳಿಗೆ ಬಂದು, ಒತ್ತಡ ಕಳೆದುಕೊಂಡು, ಮತ್ತೆ ಕೆಳಗಿಳಿದು ಮುಂದಿನ ಕೊಳವೆಗೆ ಹೋಗುತ್ತಿತ್ತು. ಕೆಸರು ತಳದಲ್ಲಿ ನಿಲ್ಲುತ್ತಿತ್ತು, ತಿಳಿನೀರು ಮುಂದೆ ಸಾಗುತ್ತಿತ್ತು. ಪಾದರಸದ ಯಂತ್ರ ಇಲ್ಲದ ಕಾಲದಲ್ಲಿ, ಒತ್ತಡ ಕಣ್ಣಿಗೆ ಕಾಣದಿದ್ದರೂ, ಕೊಳವೆ ಒಡೆಯುವ ಮುಂಚೆಯೇ ಅದಕ್ಕೊಂದು ದಾರಿ ಮಾಡಿಟ್ಟ ಜನ ಅವರು.

ಬಿಪಿ ಗುಳಿಗೆ ಮಾಡುವುದೂ ಇಂಥದೇ ಕೆಲಸ. ಆಮ್ಲೋಡಿಪಿನ್ ಅನ್ನುವ ಗುಳಿಗೆ ಕಿರು ಅಪಧಮನಿಯ ಸ್ನಾಯು ಬಳೆಯನ್ನು ಸಡಿಲಿಸುತ್ತದೆ. ಟೆಲ್ಮಿಸಾರ್ಟನ್ ಮೂತ್ರಪಿಂಡ ಕಳಿಸುವ ‘ಬಿಗಿ’ ಅನ್ನುವ ಹುಕುಂ ನಾಳಕ್ಕೆ ಮುಟ್ಟದಂತೆ ತಡೆಯುತ್ತದೆ. ಇನ್ನೊಂದು ಬಗೆಯ ಗುಳಿಗೆ ಹೆಚ್ಚಿನ ಉಪ್ಪು ನೀರನ್ನು ಮೂತ್ರದಲ್ಲಿ ಕಳಿಸುತ್ತದೆ. ಯಾರಿಗೆ ಯಾವುದು ಅನ್ನುವುದನ್ನು ನಿಮ್ಮ ವೈದ್ಯರು ಹೇಳುತ್ತಾರೆ. ಪಕ್ಕದ ಮನೆಯವರ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಬೇಡಿ.

ಈ ಗುಳಿಗೆಗಳ ಚರಿತ್ರೆಯಲ್ಲಿ ನಮ್ಮ ಪಾಲೂ ಇದೆ. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲ ಅವರು ಸರ್ಪಗಂಧದ ಬೇರನ್ನು ಬಿಪಿ ರೋಗಿಗಳಿಗೆ ಕೊಟ್ಟು ಒತ್ತಡ ಇಳಿಯುವುದನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲೇ ಇತ್ತು. ಆ ಬೇರಿನಿಂದ ರಿಸರ್ಪಿನ್ ಅನ್ನುವ ಔಷಧ ಬೇರ್ಪಡಿಸಿದ್ದು 1952ರಲ್ಲಿ. ಅದಕ್ಕಿಂತ ಒಳ್ಳೆಯವು ಬಂದದ್ದರಿಂದ ಈಗ ಅದರ ಬಳಕೆ ಬಹಳ ಕಡಿಮೆ. ಹೊಲದ ಬದುವಿನಲ್ಲಿ ಬೇರು ಹುಡುಕಲು ಯಾರೂ ಹೋಗಬೇಡಿ, ಚರಿತ್ರೆಗಾಗಿ ಹೇಳಿದೆ ಅಷ್ಟೇ.

ಇದಕ್ಕೆ ಮುಂಚೆ ಪರಿಸ್ಥಿತಿ ಹೇಗಿತ್ತು ಅನ್ನುವುದಕ್ಕೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರನ್ನು ನೋಡಿ. 1944ರ ಮಾರ್ಚಿಯಲ್ಲಿ ಅವರ ಬಿಪಿ 186/108. ಜಗತ್ತಿನ ದೊಡ್ಡ ದೇಶ, ದೊಡ್ಡ ವೈದ್ಯರು, ಆದರೆ ಒತ್ತಡವನ್ನು ಸರಿಯಾಗಿ ಇಳಿಸುವ ಒಂದು ಗುಳಿಗೆ ಅವರ ಕೈಯಲ್ಲಿ ಇರಲಿಲ್ಲ. 1945ರ ಏಪ್ರಿಲ್ 12ರಂದು ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಅವರಿಗೆ ಸಿಗದ ಗುಳಿಗೆ ಇವತ್ತು ನಮ್ಮ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಸಿಗುತ್ತದೆ, ಆದರೆ ನುಂಗುವವರು ಕಡಿಮೆ.

ಯಾಕೆ? ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ಒಮ್ಮೆ ನನ್ನ ಹತ್ತಿರ ಬಂದರು. ಎರಡು ತಿಂಗಳು ಗುಳಿಗೆ ತೆಗೆದುಕೊಂಡಿದ್ದರು, ಬಿಪಿ 128ಕ್ಕೆ ಇಳಿದಿತ್ತು. ಆಮೇಲೆ ಬಿಟ್ಟರು. ಈಗ 174.

“ಗುಳಿಗಿ ಯಾಕ ಬಿಟ್ರಿ ಕಾಕಾ?” ಅಂದೆ.

“ನಾರ್ಮಲ್ ಬಂತಲ್ರಿ ಸಾಹೇಬ್ರ, ಮತ್ಯಾಕ ನುಂಗೂದು? ಒಮ್ಮಿ ಚಾಲೂ ಮಾಡಿದ್ರ ಬಿಡಾಕ ಬರಂಗಿಲ್ಲ ಅಂತಾರ ಮಂದಿ.”

“ನಿಮ್ಮ ಡ್ರಿಪ್ಪಿಗೆ ಬೈಪಾಸ್ ವಾಲ್ವ್ ಐತಲ್ರಿ?”

“ಐತ್ರಿ. ಪ್ರೆಶರ್ ಜಾಸ್ತಿ ಆದ್ರ ಅರ್ಧ ತಗೀತೀವಿ, ನೀರು ಹೊಳ್ಳಿ ಬಾವಿಗಿ ಬೀಳತಾವ.”

“ಗೇಜು ಒಂದು ಕೆಜಿಗಿ ಬಂದು ನಿಂತಿತು ಅಂದ ಕೂಡ್ಲೆ ಬೈಪಾಸ್ ಬಂದ್ ಮಾಡ್ತೀರೇನು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಬೈಪಾಸ್ ತಗದಿದ್ದಕ್ಕ ಒಂದಕ್ಕ ನಿಂತಿರತೈತ್ರಿ. ಬಂದ್ ಮಾಡಿದ್ರ ಲ್ಯಾಟರಲ್ ಹಾರತಾವ.”

ನಾನು ಆಮೇಲೆ ಬೇರೆ ಏನೂ ಹೇಳಬೇಕಾಗಲಿಲ್ಲ. ಬಿಪಿ 128 ಬಂದದ್ದು ಗುಳಿಗೆ ಒಳಗಿದ್ದದ್ದರಿಂದ. ‘ಚಟ ಹತ್ತುತ್ತದೆ’ ಅನ್ನುವುದು ಸುಳ್ಳು. ಅದು ತಂಬಾಕಿನ ಗುಣ, ಬಿಪಿ ಗುಳಿಗೆಯದಲ್ಲ. ಕೆಲವರಿಗೆ ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿದ ಮೇಲೆ ಗುಳಿಗೆ ಕಡಿಮೆ ಮಾಡಬಹುದು. ಆದರೆ ಅದನ್ನು ಅಳೆದು ನೋಡಿ ವೈದ್ಯರು ಮಾಡಬೇಕು. ಆಮ್ಲೋಡಿಪಿನ್‌ನಿಂದ ಕೆಲವರ ಪಾದ ಬಾವು ಬರುತ್ತದೆ. ಬಂದರೆ ಗುಳಿಗೆ ಬದಲಿಸಿಕೊಳ್ಳಿ, ಬಿಟ್ಟುಬಿಡಬೇಡಿ.

ಇನ್ನೊಬ್ಬ ತಾಯಿಯ ವಿಷಯ. ಊರು, ಹೆಸರು ಹೇಳುವುದಿಲ್ಲ. ವಯಸ್ಸು 46. ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ. ಸೀಜನ್ನಿನ ಗಡಿಬಿಡಿಯಲ್ಲಿ ಗುಳಿಗೆ ತರಲು ಹೋಗಲಿಲ್ಲ, ಮೈಯೂ ಆರಾಮಾಗಿತ್ತು. ಒಂದು ಸಂಜೆ ಎತ್ತಿದ ಬುಟ್ಟಿ ಬಲಗೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಮನೆಯವರು ‘ಲಕ್ವಾ ಹೊಡೀತು’ ಅಂತ ಗೊತ್ತು ಮಾಡಿಕೊಂಡರು, ಆದರೆ ಮೊದಲು ಒಯ್ದದ್ದು ಬೇರೆ ಊರಿಗೆ, ನಾಟಿ ಔಷಧಕ್ಕೆ. ವಿಜಯಪುರಕ್ಕೆ ಬಂದಾಗ ಮರುದಿನ ಮಧ್ಯಾಹ್ನ. ಹೆಪ್ಪು ಕರಗಿಸುವ ಸೂಜಿ ಕೆಲಸ ಮಾಡುವುದು ಲಕ್ವಾ ಶುರುವಾಗಿ ನಾಲ್ಕೂವರೆ ತಾಸಿನ ಒಳಗೆ. ಅದೂ ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಅಂತ ಖಾತ್ರಿಯಾದರೆ ಮಾತ್ರ. ಆ ಹೊತ್ತು ದಾಟಿ ಹೋಗಿತ್ತು. ಆ ತಾಯಿ ಬದುಕಿದ್ದಾರೆ. ಗೋಡೆ ಹಿಡಿದು ನಡೆಯುತ್ತಾರೆ, ಮಾತು ತಿಳಿಯುತ್ತದೆ, ಆಡಲು ಬರುವುದಿಲ್ಲ. ಮಗಳು ಆಗ ಒಂಬತ್ತನೆಯ ತರಗತಿ. ತಾಯಿಯ ಸ್ನಾನ, ಊಟ ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಶಾಲೆ ಬಿಟ್ಟಳು. ಹಾಜರಿ ಪುಸ್ತಕದಲ್ಲಿ ‘ದೀರ್ಘ ಗೈರುಹಾಜರಿ’ ಅಂತ ಬರೆದಿರುತ್ತಾರೆ, ಅದರ ಹಿಂದೆ ಒಂದು ಬಿಪಿ ಇದೆ ಅಂತ ಯಾರು ಬರೆಯುತ್ತಾರೆ?

ಆದ್ದರಿಂದ ಮಕ್ಕಳಿಗೇ ಹೇಳುತ್ತೇನೆ, ದೊಡ್ಡವರೂ ಕೇಳಿಸಿಕೊಳ್ಳಲಿ. ಮುಖದ ಒಂದು ಬದಿ ಜೋಲುವುದು, ಎರಡೂ ಕೈ ಎತ್ತು ಅಂದರೆ ಒಂದು ಬೀಳುವುದು, ಮಾತು ತೊದಲುವುದು. ಈ ಮೂರರಲ್ಲಿ ಒಂದು ದಿಢೀರನೆ ಕಂಡರೂ ಗಡಿಯಾರ ನೋಡಿ ಹೊತ್ತು ನೆನಪಿಟ್ಟುಕೊಳ್ಳಿ, 108ಕ್ಕೆ ಫೋನ್ ಮಾಡಿ, ನೆಟ್ಟಗೆ ಸಿ.ಟಿ. ಸ್ಕ್ಯಾನ್ ಇರುವ ದವಾಖಾನೆಗೆ ನಡೆಯಿರಿ. ನಮ್ಮ ಊರುಗಳಿಂದ ವಿಜಯಪುರ ದೂರವಲ್ಲ. ದೂರವಾಗುವುದು ನಾವು ಸುತ್ತಿ ಹೋದರೆ.

ಉಪ್ಪಿನ ಮಾತು ಆಡದೆ ಬಿಟ್ಟರೆ ತಾಯಂದಿರು ನನ್ನನ್ನು ಬಿಡುವುದಿಲ್ಲ. ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಸಣ್ಣ ಚಮಚೆ, ಎಲ್ಲ ಅಡುಗೆ ಸೇರಿ. ನಮ್ಮಲ್ಲಿ ಅದಕ್ಕಿಂತ ಬಹಳ ಹೆಚ್ಚು ತಿನ್ನುತ್ತೇವೆ. ನಮ್ಮ ಜೋಳದ ರೊಟ್ಟಿಯ ಮೇಲೆ ನನಗೆ ಯಾವ ದೂರೂ ಇಲ್ಲ, ಅದಕ್ಕೆ ಉಪ್ಪೇ ಹಾಕುವುದಿಲ್ಲ. ಪಲ್ಯ, ಕಾಳು, ಮೊಸರು, ಹಸಿ ಮೂಲಂಗಿ, ಮೆಂತ್ಯದ ಸೊಪ್ಪು ಎಲ್ಲವೂ ಒಳ್ಳೆಯವೇ. ಉಪ್ಪು ಅಡಗಿರುವುದು ರೊಟ್ಟಿಯ ಪಕ್ಕದಲ್ಲಿ: ಶೇಂಗಾ ಹಿಂಡಿ, ಕೆಂಪು ಖಾರ, ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಸಂತೆಯ ಮಿರ್ಚಿ ಭಜಿ. ಹಿಂಡಿ ಕುಟ್ಟುವಾಗ ಉಪ್ಪು ಅರ್ಧ ಮಾಡಿ. ಎರಡು ವಾರ ಸಪ್ಪೆ ಅನಿಸುತ್ತದೆ, ಆಮೇಲೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಸೈಂಧವ ಲವಣವಾದರೆ ನಡೆಯುತ್ತದೆ ಅನ್ನುವವರಿದ್ದಾರೆ. ಅದೂ ಸೋಡಿಯಮ್ಮೇ. ಇನ್ನು ತಂಬಾಕು ಮತ್ತು ಗುಟಕಾ. ಬಾಯಿಯ ಕ್ಯಾನ್ಸರಿನ ವಿಷಯ ಎಲ್ಲರಿಗೂ ಗೊತ್ತು, ಅದರಲ್ಲಿನ ನಿಕೋಟಿನ್ ಪ್ರತಿ ಸಲವೂ ನಾಳಗಳನ್ನು ಬಿಗಿಯುತ್ತದೆ ಅನ್ನುವುದು ಗೊತ್ತಿರುವುದಿಲ್ಲ.

ಬಸುರಿ ಹೆಣ್ಣುಮಕ್ಕಳ ಮನೆಯವರಿಗೆ ಒಂದು ಮಾತು. ಐದು ತಿಂಗಳು ದಾಟಿದ ಮೇಲೆ ಹೊಸದಾಗಿ ಬಿಪಿ ಏರುವುದುಂಟು. ಅದು ಫಿಟ್ಸ್ ತನಕ ಹೋಗಬಹುದು, ತಾಯಿ ಮಗು ಇಬ್ಬರಿಗೂ ಅಪಾಯ. ತಾಯಿ ಕಾರ್ಡಿನಲ್ಲಿ ಬಿಪಿಯ ಕಾಲಂ ಖಾಲಿ ಇದ್ದರೆ ಕೇಳಿ ಬರೆಸಿಕೊಳ್ಳಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಬಾಯುವುದು ಕಂಡರೆ ಮುಂದಿನ ತಪಾಸಣೆಯ ತಾರೀಖಿನ ತನಕ ಕಾಯಬೇಡಿ.

ಮಾತು ಸಾಕು. ಎಂಟನೆಯ ತರಗತಿಯ ಕೋಣೆಯಲ್ಲಿ ಮೂರು ಬಿಪಿ ಯಂತ್ರ ಇಟ್ಟಿದ್ದೇವೆ. ಮೂವತ್ತು ದಾಟಿದವರು ಎಲ್ಲರೂ ಬನ್ನಿ. ಬಂದ ಕೂಡಲೇ ಕೈ ಚಾಚಬೇಡಿ, ಐದು ನಿಮಿಷ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂಡಿರಿ, ಪಾದ ನೆಲಕ್ಕಿರಲಿ, ಕಾಲ ಮೇಲೆ ಕಾಲು ಬೇಡ. ಮೂತ್ರ ಬಂದಿದ್ದರೆ ಹೋಗಿ ಬನ್ನಿ. ಅಂಗಿ ತೋಳು ಮೇಲಕ್ಕೆ ಸರಿಸಿ, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಅಳೆಯುವಾಗ ಮಾತು ಬೇಡ, ಐವತ್ತು ವರ್ಷದ ಗೆಳೆಯ ಎದುರಿಗೆ ಸಿಕ್ಕರೂ ಬೇಡ. ಎರಡು ಸಲ ಅಳೆಯುತ್ತೇವೆ. 140/90 ಅಥವಾ ಹೆಚ್ಚು ಬಂದರೆ ಗಾಬರಿ ಬೀಳಬೇಡಿ, ಒಂದೇ ದಿನದ ಅಳತೆಯಿಂದ ಬಿಪಿ ಅಂತ ಹಣೆಪಟ್ಟಿ ಹಚ್ಚುವುದಿಲ್ಲ. ಚೀಟಿಯಲ್ಲಿ ಬರೆದು ಕೊಡುತ್ತೇವೆ, ಅದನ್ನು ಹಿಡಿದುಕೊಂಡು ವಾರದೊಳಗೆ ಆರೋಗ್ಯ ಕೇಂದ್ರಕ್ಕೆ ಹೋಗಿ ಮತ್ತೆ ತೋರಿಸಿ. 180 ಮೀರಿದವರನ್ನು ನಾನೇ ಇವತ್ತು ಕೂಡಿಸಿಕೊಂಡು ಮಾತಾಡುತ್ತೇನೆ. ಹತ್ತನೆಯ ತರಗತಿಯ ಮಕ್ಕಳು ಹೆಸರು ಬರೆದುಕೊಳ್ಳಲು ನಿಂತಿದ್ದಾರೆ, ಅಂಕಿ ತಪ್ಪದ ಹಾಗೆ ಬರೆಯುವುದನ್ನು ನಿನ್ನೆಯೇ ಕಲಿಸಿದ್ದೇನೆ.

ಆಚೆ ಚಹಾ ಕುದಿಯುತ್ತಿರುವ ವಾಸನೆ ನನಗೂ ಬರುತ್ತಿದೆ. ಚಹಾ ಕುಡಿದು ಅರ್ಧ ತಾಸು ಅಳೆಯಲು ಬರುವುದಿಲ್ಲ, ತಂಬಾಕು ಹಾಕಿದರೂ ಹಾಗೇ. ಆದ್ದರಿಂದ ಮೊದಲು ಎಂಟನೆಯ ತರಗತಿ, ಆಮೇಲೆ ಚಹಾ.